ಸಂಡೂರಿನ ಕನ್ನಡಿ ಚೀಲ

ಹೊಸಪೇಟೆಯಲ್ಲಿ ಬಸ್ಸು ಹತ್ತಿ ಬೆಟ್ಟಗಳ ಸಾಲನ್ನು ಹಾದುಹೋದರೆ ಬಳ್ಳಾರಿ ಜಿಲ್ಲೆಯ ಸಂಡೂರು. ಮಳೆಗಾಲದಲ್ಲಿ ಕಣ್ಣು ತಣಿಸುವ ಹಸಿರು, ಗಣಿಗಳ ಕಡೆ ಕೆಂಪು ಧೂಳು. ಕಬ್ಬಿಣದ ಅದಿರಿಗೆ ಹೆಸರಾದ ಈ ಊರಿಗೆ ಇನ್ನೊಂದು ಹೆಸರು ತಂದವರು ಲಂಬಾಣಿ ತಾಂಡಾಗಳ ಹೆಂಗಸರು. ಅವರ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ.

ಅಂಗೈಯಗಲದ ಪರ್ಸಿಗೆ ಬೇಕಾದ್ದು ಅಲ್ಪವೇ: ಎರಡು ತುಂಡು ಹತ್ತಿಬಟ್ಟೆ, ಬಣ್ಣದ ದಾರ, ನಾಲ್ಕಾರು ಕವಡೆ, ಪುಟ್ಟ ಕನ್ನಡಿಗಳು. ಕನ್ನಡಿಗೆ ತೂತಿಲ್ಲ, ಅಂಟೂ ಇಲ್ಲ. ಮೊದಲು ಅದರ ಮೇಲೆ ಅಡ್ಡಕ್ಕೆರಡು, ಉದ್ದಕ್ಕೆರಡು ಎಳೆ ಬಿಗಿಯುತ್ತಾರೆ. ಆ ಎಳೆಗಳಿಗೆ ಸೂಜಿ ತೂರಿಸಿ ಸುತ್ತಲೂ ಹೊಲಿಯುತ್ತ ಹೊರಕ್ಕೆ ಜಗ್ಗಿದಂತೆ ಚೌಕ ದುಂಡಗಾಗಿ, ದಾರದ ಬಳೆಯೊಂದು ಕನ್ನಡಿಯ ಅಂಚನ್ನು ಕಚ್ಚಿ ಹಿಡಿಯುತ್ತದೆ. ಸೆಳೆತ ಎಲ್ಲ ಕಡೆಯೂ ಸಮನಾಗಿರಬೇಕು. ಒಂದು ಕಡೆ ಸಡಿಲವಾದರೂ ಕನ್ನಡಿ ಜಾರೀತು. ಕಸೂತಿ ಮುಗಿದ ಬಟ್ಟೆಗೆ ಅಸ್ತರಿ ಕೊಟ್ಟು, ಮಡಿಸಿ, ಪಕ್ಕಗಳನ್ನು ಹೊಲಿದು, ಬಾಯಿಗೆ ಕವಡೆ ಕಟ್ಟಿದರೆ ಪರ್ಸು ಸಿದ್ಧ.

2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ವೇಳೆ ಸಂಡೂರಿನ 450ಕ್ಕೂ ಹೆಚ್ಚು ಕುಶಲಕರ್ಮಿ ಹೆಂಗಸರ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ದಾಖಲೆಯಿಂದ ಹೆಸರು ಬಂತು. ಹೊಟ್ಟೆ ತುಂಬುವುದು ಮಾತ್ರ ಕೊಳ್ಳುವವರಿಂದ.

ಜಾತ್ರೆ, ಪೇಟೆಗಳಲ್ಲಿ ಕನ್ನಡಿ ಅಂಟಿಸಿದ ಅಗ್ಗದ ಚೀಲಗಳೂ ಉಂಟು. ದೂರದಿಂದ ಎರಡೂ ಒಂದೇ ತರಹ ಮಿನುಗುತ್ತವೆ. ಚೌಕಾಸಿಗೆ ಇಳಿಯುವ ಮುನ್ನ ಒಂದೇ ಒಂದು ಕನ್ನಡಿಯ ಸುತ್ತಲಿನ ಹೊಲಿಗೆಗಳನ್ನು ಎಣಿಸಿ ನೋಡಬೇಕು. ಬೆಲೆ ಯಾಕಷ್ಟು ಎಂಬುದು ಅಲ್ಲೇ ತಿಳಿಯುತ್ತದೆ.