ಡೇರೆಯ ಬಿಡಾರ

ಹಾಸನ ಜಿಲ್ಲೆಯ ಮೇಷ್ಟರೊಬ್ಬರು ನಿವೃತ್ತರಾದ ಮೇಲೆ ಅಮೆರಿಕದ ಷಿಕಾಗೊ ನಗರದಲ್ಲಿದ್ದ ಮಗನ ಮನೆಗೆ ಹೋದರು. ಹೋದ ಮೂರನೆಯ ವಾರ ಮಗನು, "ಅಪ್ಪ, ನೀವು ಮಕ್ಕಳಿಗೆ ಲಿಂಕನ್ನನ ಪಾಠ ಹೇಳುತ್ತಿದ್ದಿರಲ್ಲ, ಅವನಿದ್ದ ಊರನ್ನು ತೋರಿಸಿಕೊಂಡು ಬರೋಣ" ಎಂದನು. ನಾಲ್ಕು ದಿನದ ಮೋಟಾರು ಪ್ರಯಾಣ, ಹೋಟೆಲಿನ ಮಾತಿಲ್ಲ, ಇಲ್ಲಿನಾಯ್ ಸಂಸ್ಥಾನದ ಉದ್ಯಾನಗಳಲ್ಲಿ ಡೇರೆ ಹಾಕಿಕೊಂಡು ಮಲಗುವುದೆಂದು ಗೊತ್ತಾಯಿತು. "ಡೇರೆಯಲ್ಲಿ ಮಲಗುವುದೆಂದರೆ ಇಲ್ಲಿಯವರಿಗೆ ಬಲು ಸಂತೋಷ, ಮಾವ" ಎಂದಳು ಸೊಸೆ. ಅದು ಸುಳ್ಳೇನೂ ಅಲ್ಲ. ಮೇಷ್ಟರು ನಂಬಿದರು.

ಮೊದಲ ಬಿಡಾರ ಸ್ಟಾರ್ವ್ಡ್ ರಾಕ್ ಎಂಬಲ್ಲಿ. ಷಿಕಾಗೊವಿನಿಂದ ಸುಮಾರು 90 ಮೈಲಿ. ಇಲ್ಲಿನಾಯ್ ನದಿಯ ದಡದಲ್ಲಿ ನೀರು ಕೊರೆದ ಮರಳುಗಲ್ಲಿನ ಕಮರಿಗಳು 18 ಇವೆ. ಡೇರೆಯ ಜಾಗವೊಂದೊಂದಕ್ಕೂ ಒಂದು ಮೇಜು, ಬೆಂಕಿ ಹಾಕಲು ಒಂದು ಕಬ್ಬಿಣದ ಬಳೆ. ಮರ ಕೊರೆಯುವ ಹುಳು ಹರಡೀತೆಂದು ಸೌದೆಯನ್ನು ದೂರದಿಂದ ತರಬಾರದಂತೆ. ಅಲ್ಲಿಯೇ ಕಟ್ಟು ಕೊಳ್ಳಬೇಕು. ಅಕ್ಕಪಕ್ಕದ ಡೇರೆಗಳ ಮುಂದೆ ಬೆಂಕಿ ಉರಿಯುತ್ತಿತ್ತು. ಮಗನು ಮಾತ್ರ, "ಗ್ಯಾಸಿನ ಒಲೆ ಇದೆಯಲ್ಲ, ಸೌದೆ ಏತಕ್ಕೆ?" ಎಂದುಬಿಟ್ಟನು. ಅವಲಕ್ಕಿ, ಚಟ್ನಿಪುಡಿಗಳಲ್ಲಿ ರಾತ್ರಿಯೂಟ ಮುಗಿಯಿತು. ಆಶ್ವಯುಜದ ಚಳಿ, ಮೇಷ್ಟರು ಎರಡು ಶಾಲು ಹೊದ್ದರು.

ಆ ಉದ್ಯಾನದ ಕಾಲುದಾರಿಗಳನ್ನೂ ವಸತಿಗೃಹವನ್ನೂ ಕಟ್ಟಿದವರ ಕಥೆಯನ್ನು ಮೇಷ್ಟರು ಅಲ್ಲಿಯ ಫಲಕಗಳಲ್ಲಿ ಓದಿದ್ದರು. ದೇಶದಲ್ಲೆಲ್ಲ ಕೆಲಸವಿಲ್ಲದೆ ಜನ ಕಂಗೆಟ್ಟಿದ್ದ 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ನಾಗರಿಕ ಸಂರಕ್ಷಣಾ ದಳವನ್ನು ಏರ್ಪಡಿಸಿದರು. 1942ರವರೆಗೆ ಸುಮಾರು 30 ಲಕ್ಷ ತರುಣರು ಅದರಲ್ಲಿ ದುಡಿದರು. ಸಂಬಳ ತಿಂಗಳಿಗೆ 30 ಡಾಲರು. ಅದರಲ್ಲಿ 25 ಡಾಲರು ನೇರವಾಗಿ ಹೆತ್ತವರಿಗೆ ಹೋಗುತ್ತಿತ್ತು. "ಐದೇ ಡಾಲರು ಕೈಯಲ್ಲಿಟ್ಟುಕೊಂಡು ಕಲ್ಲು ಹೊತ್ತರು! ಮಕ್ಕಳೆಂದರೆ ಹಾಗಿರಬೇಕು" ಎಂದು ಮೇಷ್ಟರು ಉತ್ಸಾಹದಿಂದ ನುಡಿದರು. ಮಗನು ಎದ್ದು, ಆಗಲೇ ಬಿಗಿದಿದ್ದ ಡೇರೆಯ ಹಗ್ಗವನ್ನು ಮತ್ತೆ ಬಿಗಿಯಹೋದನು.

ಮರುದಿನ ನ್ಯೂ ಸೇಲಂ. ಸಂಗಮನ್ ನದಿಯ ಮೇಲಣ ದಿಬ್ಬದಲ್ಲಿ ಮರದ ದಿಮ್ಮಿಗಳ ಮನೆಗಳ ಪುಟ್ಟ ಹಳ್ಳಿ. 1831ರಲ್ಲಿ, 22ರ ಪ್ರಾಯದ ಲಿಂಕನ್ನನು ಇಲ್ಲಿಗೆ ಬಂದು ಆರು ವರ್ಷ ಇದ್ದನು. ಅವನು ಹೋದ ಕೆಲವೇ ವರ್ಷಗಳಲ್ಲಿ ಊರು ಹಾಳಾಯಿತು. ಈಗ ಕಾಣುವುದು 1930ರ ದಶಕದಲ್ಲಿ ಹೊಸದಾಗಿ ಕಟ್ಟಿದ್ದು. ಅಂದಿನದಾಗಿ ಉಳಿದಿರುವುದು ಪೀಪಾಯಿ ಮಾಡುವವನ ಅಂಗಡಿಯೊಂದೇ.

ಗ್ರಾಹಕನಿಗೆ ಬರಬೇಕಾದ ಚಿಲ್ಲರೆಯನ್ನು ಹಿಂದಿರುಗಿಸಲು ಮೈಲಿಗಟ್ಟಲೆ ನಡೆದ ಲಿಂಕನ್ನನನ್ನು ಮೇಷ್ಟರು ವರ್ಷವರ್ಷವೂ ಮಕ್ಕಳ ಮುಂದೆ ನಿಲ್ಲಿಸಿದ್ದರು. ಅವನ ಸ್ವಂತ ಅಂಗಡಿ ಮುಳುಗಿದ ಸಂಗತಿ ಪಾಠದಲ್ಲಿರಲಿಲ್ಲ. ಬೆರ್ರಿ ಎಂಬ ಪಾಲುಗಾರನೊಡನೆ ಇಟ್ಟ ವ್ಯಾಪಾರ ಕೆಟ್ಟಿತು. 1835ರಲ್ಲಿ ಬೆರ್ರಿಯೂ ತೀರಿಕೊಂಡನು. ಸುಮಾರು 1,100 ಡಾಲರುಗಳ ಸಾಲವೆಲ್ಲ ಲಿಂಕನ್ನನ ತಲೆಯ ಮೇಲೆ ಬಿದ್ದಿತು. ಅವನು ಓಡಿಹೋಗದೆ ವರ್ಷಗಟ್ಟಲೆ ತೀರಿಸಿದನು. ಸಾಲಗಾರರು ಅವನ ಕುದುರೆಯನ್ನೂ ಭೂಮಾಪನದ ಸಲಕರಣೆಗಳನ್ನೂ ಹರಾಜಿಗಿಡಿಸಿದಾಗ, ಷಾರ್ಟ್ ಎಂಬ ಸ್ನೇಹಿತನು ಅವನ್ನು ಕೊಂಡು ಅವನಿಗೇ ಹಿಂದಕ್ಕೆ ಕೊಟ್ಟನು. ಮೇಷ್ಟರು ಆ ಅಂಗಡಿಯ ಹೊಸ್ತಿಲಲ್ಲಿ ಬಹಳ ಹೊತ್ತು ನಿಂತರು.

ಸಂಜೆ ಡೇರೆಯ ಮುಂದೆ ಸೊಸೆ ಅನ್ನಕ್ಕಿಟ್ಟಿದ್ದಳು. ಮೇಷ್ಟರು ಕೇಳಿದರು: "ಕೆಲಸ ಹೋಗಿ ಎಷ್ಟು ದಿನವಾಯಿತಪ್ಪ?"

ಮಗನು ತಲೆ ತಗ್ಗಿಸಿ, "ನಾಲ್ಕು ತಿಂಗಳು" ಎಂದನು.

"ಮನೆಯ ಸಾಲದ ಕಂತಿಗೆ ನಾಲ್ಕು ತಿಂಗಳೂ ಹಣ ಬಂದಿತಲ್ಲ?"

ಅವನು ಮಾತನಾಡಲಿಲ್ಲ. "ಉಳಿತಾಯದಿಂದ ಕಳುಹಿಸಿದೆವು, ಮಾವ" ಎಂದಳು ಸೊಸೆ.

ಮೇಷ್ಟರು ಎದ್ದು ಕತ್ತಲೆಯಲ್ಲಿ ಹೊರಟುಹೋದರು. ಗಾಬರಿಯಿಂದ ಮಗನು ಹುಡುಕಿಕೊಂಡು ಹೊರಡುವಷ್ಟರಲ್ಲಿ, ಎರಡೂ ಕಂಕುಳಲ್ಲಿ ಒಂದೊಂದು ಸೌದೆಯ ಕಟ್ಟು ಇರುಕಿಕೊಂಡು ಬಂದರು. ಬೆಂಗಳೂರಿನಲ್ಲಿ ಬದಲಾಯಿಸಿ ತಂದಿದ್ದ ಡಾಲರುಗಳಲ್ಲಿ ಅದು ಮೊದಲ ಖರ್ಚು. "ನೀವೇಕೆ ಕೊಂಡಿರಿ, ಅಪ್ಪ?" ಎಂದು ಮಗನು ನೊಂದುಕೊಂಡನು.

"ಆ ಷಾರ್ಟ್ ಕುದುರೆಯನ್ನೇ ಕೊಂಡುಕೊಟ್ಟನಂತೆ. ನಾನು ಸೌದೆಯನ್ನಾದರೂ ಕೊಳ್ಳಬಾರದೇ?" ಎಂದರು. ಬೆಂಕಿ ಹತ್ತಿದ ಮೇಲೆ, "ನಿನ್ನೆ ಆ 25 ಡಾಲರಿನ ಮಾತು ನಾನು ಆಡಬಾರದಾಗಿತ್ತು" ಎಂದರು. ಹಸಿ ಸೌದೆ, ಹೊಗೆಯೇ ಹೆಚ್ಚು. ಮೂವರ ಕಣ್ಣಲ್ಲೂ ನೀರು ಬಂದಿತು. ಹೊಗೆ ಇದ್ದುದು ಒಳ್ಳೆಯದೇ ಆಯಿತು.

ಮಾರನೆಯ ದಿನ ಸ್ಪ್ರಿಂಗ್‌ಫೀಲ್ಡಿನಲ್ಲಿ ಲಿಂಕನ್ನನು 1844ರಲ್ಲಿ ಕೊಂಡ ಮನೆಯನ್ನು ನೋಡಿ ಬಂದರು. ಅಲ್ಲಿ ನೋಡಲು ಹಣ ಕೊಡಬೇಕಾಗಿಲ್ಲ.

ಕೊನೆಯ ದಿನ ಕಹೋಕಿಯ. ಐರೋಪ್ಯರು ಕಾಲಿಡುವ ಮೊದಲೇ ಅಲ್ಲಿಯ ಮೂಲನಿವಾಸಿಗಳು ಬುಟ್ಟಿಬುಟ್ಟಿ ಮಣ್ಣು ಹೊತ್ತು ಎಬ್ಬಿಸಿದ ದಿಬ್ಬಗಳವು. ದೊಡ್ಡದರ ಎತ್ತರ ಸುಮಾರು 100 ಅಡಿ. ಬುಡ ಸುಮಾರು 14 ಎಕರೆ. 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾದಾಗ ಈ ಊರೂ ಉಚ್ಛ್ರಾಯದಲ್ಲಿತ್ತು. ಮೇಷ್ಟರು ಮಗನ ಹೆಗಲು ಹಿಡಿದು ಮೆಟ್ಟಿಲು ಹತ್ತಿ, ದೂರದ ಸೇಂಟ್ ಲೂಯಿ ನಗರವನ್ನು ನೋಡಿದರು.

ಇಳಿಯುವಾಗ, "ಮುಂದಿನ ತಿಂಗಳಿನಿಂದ ಹಣ ಬೇಡ. ಪಿಂಚಣಿ ಇದೆ" ಎಂದರು.

"ಅರ್ಧವಾದರೂ ಕಳುಹಿಸುತ್ತೇನೆ, ಅಪ್ಪ."

"ಕಾಲುಭಾಗ. ಅದೂ ಕೆಲಸ ಸಿಕ್ಕಿದ ಮೇಲೆ."

ಸೊಸೆ ಮೋಟಾರಿನ ಬಾಗಿಲು ತೆರೆದು ಕಾಯುತ್ತಿದ್ದಳು. ಚೌಕಾಸಿ ಮುಗಿದಿರಲಿಲ್ಲ.