ಪಾವಗಡದ ಬಿಸಿಲಲ್ಲಿ ಇನ್ನೂರು ಬ್ರೋಷರ್

ಮಧುಗಿರಿ ಬೆಟ್ಟ ಹಿಂದೆ ಸರಿದ ಮೇಲೆ ರಸ್ತೆ ಬದಿಯ ಹಸಿರೂ ತೆಳ್ಳಗಾಗುತ್ತಾ ಹೋಯಿತು. ಕಾರಿನ ಡಿಕ್ಕಿಯಲ್ಲಿ ಬ್ಯಾನರ್, ಪ್ರೊಜೆಕ್ಟರ್, ಇನ್ನೂರು ಬ್ರೋಷರ್. ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದ ಅಡ್ಮಿಷನ್ ವಿಭಾಗದಲ್ಲಿ ನನ್ನ ಕೆಲಸ. ಹೊಸದಾಗಿ ಶುರುವಾದ ‘ಇಂಧನ ಮತ್ತು ಸುಸ್ಥಿರತೆ’ ಕೋರ್ಸಿಗೆ ಮಕ್ಕಳು ಬೇಕಿತ್ತು. ಸೋಲಾರ್ ಪಾರ್ಕ್ ಇರೋ ಊರಲ್ಲೇ ಕೇಳಿದರೆ ಬೇಗ ಸಿಗ್ತಾರೆ ಅನ್ನೋದು ನಮ್ಮ ಲೆಕ್ಕಾಚಾರ.

ಪಾವಗಡ ಅಂದ್ರೆ ಶನಿಮಹಾತ್ಮನ ದೇವಸ್ಥಾನ ಅಂತಷ್ಟೇ ನನಗೆ ಗೊತ್ತಿದ್ದದ್ದು. ತಿರುಮಣಿ ಕಡೆ ತಿರುಗಿದಾಗ ದೂರದಲ್ಲಿ ಕೆರೆ ತುಂಬಿದ ಹಾಗೆ ಕಂಡಿತು. ಈ ಬರದ ಸೀಮೆಯಲ್ಲಿ ಇಷ್ಟು ನೀರಾ! ಹತ್ತಿರ ಹೋದರೆ ಎಲ್ಲಾ ಪ್ಯಾನೆಲ್. ಐದು ಊರುಗಳ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಮಳೆ ಬಂದರೆ ಕಡ್ಲೆಕಾಯಿ, ಬರದಿದ್ದರೆ ಏನೂ ಇಲ್ಲ ಅನ್ನುವಂಥ ಹೊಲಗಳು. ರೈತರಿಂದ ಜಮೀನು ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ.

ಪಿಯು ಕಾಲೇಜಿನಲ್ಲಿ ನನ್ನ ಸ್ಲೈಡು ಮುಗಿಯುವಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ತೆಲುಗಿನಲ್ಲಿ ಗುಸುಗುಸು. ಆಂಧ್ರದ ಗಡಿ ಇಲ್ಲೇ ತಾನೇ. ಒಬ್ಬ ಎದ್ದು ನಿಂತ: “ಮೇಡಂ, ಇಷ್ಟೊಂದು ಕರೆಂಟು ಇಲ್ಲೇ ತಯಾರಾಗುತ್ತೆ. ಮತ್ತೆ ನಮ್ಮನೇಲಿ ಸಂಜೆ ಯಾಕೆ ಹೋಗುತ್ತೆ?”

ಇದು ಬ್ರೋಷರಿನಲ್ಲಿರಲಿಲ್ಲ. ಸೀಮೆಸುಣ್ಣ ತಗೊಂಡೆ. ಪಾರ್ಕಿನ ಕರೆಂಟು 220 ಕಿಲೊವೋಲ್ಟ್ ಲೈನಿನಲ್ಲಿ ಹೊರಟು 400 ಕಿಲೊವೋಲ್ಟ್ ಸ್ಟೇಷನ್ ಸೇರಿ ದೊಡ್ಡ ಗ್ರಿಡ್‌ಗೆ ಹೋಗುತ್ತೆ. ನಿಮ್ಮನೆಗೆ ಬರೋದು ಆ ಗ್ರಿಡ್‌ನಿಂದ, ಊರಿನ ಫೀಡರ್ ಮೂಲಕ. ಮೇಲಾಗಿ ಎಲ್ಲರೂ ಲೈಟು, ಟಿ.ವಿ. ಹಾಕೋ ಹೊತ್ತಿಗೆ ಸೂರ್ಯ ಮುಳುಗಿರ್ತಾನೆ. ಹಗಲಿನ ಕರೆಂಟನ್ನ ರಾತ್ರಿಗೆ ಎತ್ತಿಡೋದು ಹೇಗೆ, ಅದನ್ನೇ ಈ ಕೋರ್ಸಲ್ಲಿ ಓದೋದು ಅಂದೆ. ಆ ಹತ್ತು ನಿಮಿಷ ಯಾರೂ ಮೊಬೈಲ್ ಮುಟ್ಟಲಿಲ್ಲ.

ಎಲ್ಲ ಮುಗಿದ ಮೇಲೆ ಒಬ್ಬ ಹುಡುಗಿ ಬಂದಳು. ಅವರ ಮನೆಯ ಮೂರು ಎಕರೆಯೂ ಪ್ಯಾನೆಲ್ ಕೆಳಗಿದೆಯಂತೆ. ಅಣ್ಣ ಅಲ್ಲೇ ಪ್ಯಾನೆಲ್ ತೊಳೆಯೋ ಕೆಲಸಕ್ಕೆ ಹೋಗ್ತಾನಂತೆ. “ಇದನ್ನ ಓದಿದ್ರೆ ನಂಗೆ ಒಳಗಡೆ ಕಂಪ್ಯೂಟರ್ ಮುಂದೆ ಕೂತ್ಕೊಳೋ ಕೆಲ್ಸ ಸಿಗುತ್ತಾ ಮೇಡಂ?”

ಹೌದು ಅನ್ನಬಹುದಿತ್ತು. ಟಾರ್ಗೆಟ್ ಇತ್ತು. ಆದರೆ ಮನಸ್ಸಿನಲ್ಲೇ ಲೆಕ್ಕ ಓಡಿತು: ಮೂರು ಎಕರೆಗೆ ವರ್ಷಕ್ಕೆ 63,000, ಏರಿಕೆ ಸೇರಿಸಿದರೂ ಇನ್ನಷ್ಟೇ. ನಮ್ಮ ಮೊದಲ ವರ್ಷದ ಫೀಸು ಅದರ ಎರಡರಷ್ಟನ್ನೂ ದಾಟುತ್ತಿತ್ತು. ಪಾರ್ಕ್ ಕಟ್ಟುವಾಗ ಬೇಕಾದಷ್ಟು ಜನ ಬೇಕು, ನಡೆಸೋಕೆ ಸಾಕಾಗೋದು ಸ್ವಲ್ಪ ಜನ ಅಂತ ನಿಜ ಹೇಳಿದೆ. “ಸಿಇಟಿ ಚೆನ್ನಾಗಿ ಬರಿಯಮ್ಮ. ಸರ್ಕಾರಿ ಕಾಲೇಜಲ್ಲಿ ಎಲೆಕ್ಟ್ರಿಕಲ್ ತಗೋ. ಸೋಲಾರ್, ಬ್ಯಾಟರಿ, ಗ್ರಿಡ್ ಎಲ್ಲಕ್ಕೂ ಅದೇ ತಳಪಾಯ. ಈ ವಿಷಯದಲ್ಲೇ ಮುಂದೆ ಓದಬೇಕು ಅನ್ನಿಸಿದ್ರೆ ಎಂ.ಟೆಕ್‌ನಲ್ಲಿ ಓದಬಹುದು.”

ನನ್ನ ಪೆನ್ನು ಇಸ್ಕೊಂಡು ನಮ್ಮ ಬ್ರೋಷರಿನ ಬೆನ್ನಿಗೇ ಅದನ್ನೆಲ್ಲ ಬರ್ಕೊಂಡಳು.

ವಾಪಸ್ ಬರುವಾಗ ಬಾಸ್ ಫೋನ್: “ಎಷ್ಟು ಫಾರಂ ಆಯ್ತು?”

“ಹತ್ತೊಂಬತ್ತು” ಅಂದೆ. ಇಪ್ಪತ್ತನೆಯದರ ವಿಷಯ ಹೇಳಲಿಲ್ಲ.