ರ‍್ಯಾಕಿನ ಮುಂದೆ ನಿಂತವರ ಸಂಬಳ

ಬಳಸುವವರು ಬೇರೆ, ಕೊಳ್ಳುವವರು ಬೇರೆ. ಮಗು ತಿನ್ನುವ ಬಿಸ್ಕಿಟನ್ನು ತಾಯಿ ಕೊಳ್ಳುತ್ತಾಳೆ. ಮನೆಮಂದಿಯ ಸಾಬೂನನ್ನು ಸಂತೆಗೆ ಹೋದ ತಂದೆ ತರುತ್ತಾನೆ. ಟಿ.ವಿ. ಜಾಹೀರಾತು ಬಳಸುವವರ ಮನಸ್ಸಿಗೆ ಹೇಳುವಂಥದ್ದು. ಅಂಗಡಿಯೊಳಗೆ ಬಂದವರ ಕೈ ಯಾವ ಸರಕಿನತ್ತ ಚಾಚಬೇಕೆಂಬುದು ಇನ್ನೊಂದೇ ವಿದ್ಯೆ. ಕಣ್ಣಿನ ಮಟ್ಟದಲ್ಲಿ ಏನಿರಬೇಕು, ಬಿಲ್ ಹಾಕುವ ಮೇಜಿನ ಬಳಿ ಏನಿರಬೇಕು, ಯಾವುದರ ಜೊತೆ ಏನು ಉಚಿತ ಎಂಬ ಲೆಕ್ಕಾಚಾರಕ್ಕೆ ಕಂಪೆನಿಗಳು ‘ಶಾಪರ್ ಮಾರ್ಕೆಟಿಂಗ್’ ಎಂದು ಹೆಸರಿಟ್ಟಿವೆ. ಯೋಜನೆ ಮುಂಬೈ, ಬೆಂಗಳೂರಿನ ಕಚೇರಿಗಳಲ್ಲಿ ತಯಾರಾಗುತ್ತದೆ. ದಿನವಿಡೀ ನಿಂತು ಅದನ್ನು ಜಾರಿಗೆ ತರುವವರು ನಾವು.

ನಾವು ಅಗಡಿಯವರು. ಹೊಲದ ಆದಾಯ ಸಾಲದ ಮನೆಗಳಿಂದ ಬಸ್ಸು ಹತ್ತಿ ಹಾವೇರಿ, ರಾಣೆಬೆನ್ನೂರಿನ ದೊಡ್ಡ ಅಂಗಡಿಗಳಿಗೆ ‘ಪ್ರಮೋಟರ್’ ಕೆಲಸಕ್ಕೆ ಹೋದವರು. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣದಿಂದಲೇ ಬೆಲೆ. ಅದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ನಮ್ಮ ಸೀಮೆಯ ಕೆಂಪು ಡಬ್ಬಿಯಲ್ಲಿ ಕೂತು ನಮ್ಮ ಮುಂದಿನ ರ‍್ಯಾಕಿಗೇ ಮರಳಿ ಬರಬಹುದು!

ಈ ಕೆಲಸಕ್ಕೆ ಕೌಶಲ ಬೇಡವೆಂದು ಹಲವರ ಎಣಿಕೆ. ‘ಅಕ್ಕಾರ, ಈ ಪಾಕೀಟು ತಗೊಂಡ್ರ ಬಕೆಟ್ ಫ್ರೀ ಐತ್ರಿ’ ಎಂದರೆ, ‘ಬಕೆಟ್ ಮನ್ಯಾಗ ನಾಕ ಅದಾವ, ರೇಟು ಎಷ್ಟ ಕಮ್ಮಿ ಮಾಡ್ತಿ ಹೇಳವ್ವಾ’ ಎಂಬ ಉತ್ತರ ಬರುತ್ತದೆ. ನಮ್ಮ ಕಡೆ ಉಡುಗೊರೆಗಿಂತ ದರ ಮುಖ್ಯವೆಂದು ಮೊದಲು ತಿಳಿಯುವವರು ನಾವೇ. ಮೇಲಿನವರಿಗೆ ನಾವು ಕಳಿಸುವ ವರದಿಯಲ್ಲಿ ಮಾರಾಟದ ಅಂಕಿಗಷ್ಟೇ ಜಾಗ, ಈ ತಿಳಿವಳಿಕೆಗಿಲ್ಲ.

ಸಂಬಳದ ಚೀಟಿಯಲ್ಲಿ ನಾವು ಮಾರುವ ಸರಕಿನ ಕಂಪೆನಿಯ ಹೆಸರಿರುವುದಿಲ್ಲ, ಏಜೆನ್ಸಿಯದಿರುತ್ತದೆ. ಮೈಮೇಲಿನ ಅಂಗಿ ಮಾತ್ರ ಕಂಪೆನಿಯದು. ಇದಕ್ಕೆ ‘ಆಫ್ ರೋಲ್’ ಎನ್ನುತ್ತಾರೆ. ಒಂದಿಷ್ಟು ನಿಗದಿತ ಸಂಬಳ, ಟಾರ್ಗೆಟ್ ಮುಟ್ಟಿದರೆ ಇನ್ಸೆಂಟಿವ್. ಅಂಗಡಿಗೆ ಸರಕೇ ಬಾರದಿದ್ದ ತಿಂಗಳಲ್ಲೂ ಟಾರ್ಗೆಟ್ ಇಳಿಯಲಿಲ್ಲ. ಮೂರು ವರ್ಷ ದುಡಿದ ಮೇಲೆ ಏಜೆನ್ಸಿ ಬದಲಾಯಿತು. ಅದೇ ಅಂಗಡಿ, ಅದೇ ರ‍್ಯಾಕು. ಸೇವೆಯ ಲೆಕ್ಕ ಮಾತ್ರ ಮತ್ತೆ ಸೊನ್ನೆಯಿಂದ.

ಏಣಿ ಇಲ್ಲವೆಂದಲ್ಲ. ಪ್ರಮೋಟರ್ ಆದವರು ವಿತರಕರ ಸೇಲ್ಸ್‌ಮನ್ ಆಗಬಹುದು, ಮೇಲ್ವಿಚಾರಕರೂ ಆಗಬಹುದು. ಅದರಾಚೆ ಏರಿಯಾ ಮ್ಯಾನೇಜರ್ ಹುದ್ದೆಗೆ ಎಂ.ಬಿ.ಎ. ಕೇಳುತ್ತಾರೆ. ಶಾಪರ್ ಮಾರ್ಕೆಟಿಂಗ್ ವಿಭಾಗಕ್ಕಂತೂ ನೇಮಕಾತಿ ಹೆಚ್ಚಾಗಿ ಕಾಲೇಜಿನ ಅಂಗಳದಿಂದಲೇ. ಹೆಣ್ಣುಮಕ್ಕಳಿಗೆ ಎರಡನೇ ಮೆಟ್ಟಿಲೂ ಕಷ್ಟ. ಬೈಕಿನಲ್ಲಿ ಹಳ್ಳಿ ಹಳ್ಳಿ ಸುತ್ತುವ ಕೆಲಸವೆಂದು ಅವರನ್ನು ಕೇಳುವುದೇ ಇಲ್ಲ.

ಕಾನೂನು ನಮ್ಮನ್ನು ಪೂರ್ತಿ ಮರೆತಿರಲಿಲ್ಲ. ಔಷಧ ಕಂಪೆನಿಗಳ ಪ್ರತಿನಿಧಿಗಳಿಗಾಗಿ 1976ರಲ್ಲಿ ಬಂದ ಮಾರಾಟ ಪ್ರಚಾರ ನೌಕರರ ಕಾಯ್ದೆಯನ್ನು ಕೇಂದ್ರ ಸರಕಾರ 2011ರಲ್ಲಿ ಸಾಬೂನು, ಸೌಂದರ್ಯವರ್ಧಕ, ಬಿಸ್ಕಿಟ್, ತಂಪು ಪಾನೀಯ ಮೊದಲಾದ ಉದ್ಯಮಗಳಿಗೂ ವಿಸ್ತರಿಸಿತು. ನೇಮಕಾತಿ ಪತ್ರ, ಗಳಿಕೆ ರಜೆ ಅದರಲ್ಲಿದ್ದವು. ನಮ್ಮೊಡನೆ ನಿಂತವರಲ್ಲಿ ಅದರ ಹೆಸರು ಕೇಳಿದವರೇ ಇರಲಿಲ್ಲ. ಈಗ ಆ ಕಾಯ್ದೆ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿ ಸೇರಿದೆ. ಎಲ್ಲ ನೌಕರರಿಗೂ ನೇಮಕಾತಿ ಪತ್ರ ಕೊಡಬೇಕೆಂದು ಸಂಹಿತೆ ಹೇಳುತ್ತದೆ. ಕೆಲಸಕ್ಕೆ ಸೇರುವ ತಮ್ಮ ತಂಗಿಯರು ಮೊದಲ ದಿನವೇ ಅದನ್ನು ಕೇಳಿ ಪಡೆಯಲಿ.

ಭವಿಷ್ಯನಿಧಿಗೆ 2014ರಿಂದ ಯು.ಎ.ಎನ್. ಸಂಖ್ಯೆ ಇದೆ. ಏಜೆನ್ಸಿ ಎಷ್ಟು ಬದಲಾದರೂ ಆ ಸಂಖ್ಯೆ ನೌಕರರ ಜೊತೆಗೇ ಬರುತ್ತದೆ. ನಾವು ಕಲಿತ ವಿದ್ಯೆಗೂ ಹಾಗೊಂದು ಗುರುತು ಬೇಡವೇ? ಎಷ್ಟು ವರ್ಷ, ಯಾವ ಸರಕು, ಯಾವ ಅಂಗಡಿ ಎಂದು ಬರೆದ ಒಂದು ಅನುಭವ ಪತ್ರಕ್ಕೆ ಕಂಪೆನಿಯ ಖರ್ಚು ಒಂದು ಹಾಳೆ. ಅದು ಕೈಯಲ್ಲಿದ್ದರೆ ಅಗಡಿಯ ಹುಡುಗಿ ಮುಂದಿನ ಸಂಬಳದ ಮಾತನ್ನು ಸೊನ್ನೆಯಿಂದ ಶುರುಮಾಡಬೇಕಾಗಿಲ್ಲ.